ವೆಬ್ ಜಾವಾ ಕಲಿಯಲು ಯಾವ ಪುಸ್ತಕ?

ಮೈಸೂರು ಸೀಮೆಯ ಹಿರಿಯರ ಮುಂದೆ 'ಜಾವಾ' ಎಂದರೆ ಅವರಿಗೆ ಇಂದಿಗೂ ನೆನಪಾಗುವುದು ಐಡಿಯಲ್ ಜಾವಾ ಕಾರ್ಖಾನೆಯಿಂದ ಗುಡುಗುತ್ತ ಹೊರಬರುತ್ತಿದ್ದ ಮೋಟಾರ್ ಸೈಕಲ್. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಾಕತಾಳೀಯವೆಂಬಂತೆ ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇನ್ನೊಂದು 'ಜಾವಾ'ದ ಮೊದಲ ಆವೃತ್ತಿಯನ್ನು ಹೊರತಂದಿತು. ಜೇಮ್ಸ್ ಗೋಸ್ಲಿಂಗ್ ಮತ್ತು ಸಂಗಡಿಗರು 1991ರಿಂದ ರೂಪಿಸುತ್ತ ಬಂದಿದ್ದ ಈ ಗಣಕ ಭಾಷೆಗೆ ಮೊದಲು ಇಟ್ಟ ಹೆಸರು 'ಓಕ್'. ಆ ಹೆಸರು ಆಗಲೇ ಬೇರೆಯವರದಾಗಿದ್ದುದರಿಂದ 'ಜಾವಾ' ಎಂದಾಯಿತು. ಇಂದು ಬಿ.ಸಿ.ಎ., ಎಂ.ಸಿ.ಎ., ಬಿ.ಇ. ಓದುವ ಮಕ್ಕಳ ಬಾಯಲ್ಲಿ ಕೇಳಿಬರುವ ಜಾವಾ ಇದೇ.

ಇಂಥ ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಪುಸ್ತಕದ ಮಾತು ಬಂದೇ ಬರುತ್ತದೆ. ಮಗಳು 'ವೆಬ್ ಜಾವಾ ಕಲಿಯಬೇಕು, ಪುಸ್ತಕ ಬೇಕು' ಎನ್ನುತ್ತಾಳೆ. ತಂದೆ ಬೆಂಗಳೂರಿನ ಗಾಂಧಿನಗರಕ್ಕೋ ಅವೆನ್ಯೂ ರಸ್ತೆಗೋ ಹೋದಾಗ 'ಒಂದು ಜಾವಾ ಬುಕ್ ಕೊಡಿ' ಎಂದು ಕೇಳುತ್ತಾರೆ. ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ದಪ್ಪನೆಯದು. ಕೆಲವೊಮ್ಮೆ 'ಜಾವಾಸ್ಕ್ರಿಪ್ಟ್' ಪುಸ್ತಕವೂ ಚೀಲ ಸೇರುವುದುಂಟು. ಜಾವಾಸ್ಕ್ರಿಪ್ಟ್ ಎಂಬುದು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ರಚಿಸಿದ ಬೇರೆಯೇ ಭಾಷೆ. ಆಗ ಜಾವಾದ ಹೆಸರು ಮಾರುಕಟ್ಟೆಯಲ್ಲಿ ಓಡುತ್ತಿತ್ತು, ಅದನ್ನು ಇದಕ್ಕೂ ಅಂಟಿಸಿದರು, ಅಷ್ಟೇ. ಎರಡಕ್ಕೂ ಇರುವ ನಂಟು ಮರಕ್ಕೂ ಮರಳಿಗೂ ಇರುವಷ್ಟು.

ತಪ್ಪು ಪುಸ್ತಕ ತಂದರೆ ಏನು ಮಹಾ ನಷ್ಟ, ಕೆಲವು ನೂರು ರೂಪಾಯಿ ತಾನೆ ಎನ್ನಬಹುದು. ನಷ್ಟ ಹಣದ್ದಷ್ಟೇ ಅಲ್ಲ. ಪುಸ್ತಕದಲ್ಲಿರುವುದನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದರೂ ಪ್ರೋಗ್ರಾಮ್ ಓಡದೆ ಹೋದಾಗ, ಮೊದಲ ಸಲ ಕಲಿಯುತ್ತಿರುವ ಹುಡುಗ ಪುಸ್ತಕವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತಾನೆ. 'ಇದು ನನ್ನ ತಲೆಗೆ ಹತ್ತುವುದಲ್ಲ' ಎಂದು ಮುಚ್ಚಿಡುತ್ತಾನೆ. ಹಳ್ಳಿಯಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಕೇಳಲು ಹತ್ತಿರ ಯಾರೂ ಇಲ್ಲದ ವಿದ್ಯಾರ್ಥಿಯ ಮಟ್ಟಿಗಂತೂ ಇದು ನೂರಕ್ಕೆ ನೂರು ಸಾಧ್ಯ. ಆದ್ದರಿಂದ ಪುಸ್ತಕ ಆರಿಸುವ ಮುನ್ನ ವಿಷಯವೇನೆಂದು ಪೋಷಕರೂ ತುಸು ತಿಳಿದಿರುವುದು ಒಳ್ಳೆಯದು.

ಮಾಣಿಯ ಮರೆವು

ವೆಬ್ ಪ್ರೋಗ್ರಾಮಿಂಗ್ ಎಂದರೆ ಹೋಟೆಲಿನ ವ್ಯವಹಾರವಿದ್ದಂತೆ. ಪರೀಕ್ಷೆಯ ಫಲಿತಾಂಶ ನೋಡುವ ಸಂದರ್ಭವನ್ನೇ ತೆಗೆದುಕೊಳ್ಳಿ. ಮೊಬೈಲಿನಲ್ಲಿರುವ ಬ್ರೌಸರ್ ಗಿರಾಕಿ. ಅದು 'ಈ ನೋಂದಣಿ ಸಂಖ್ಯೆಯ ಅಂಕಗಳು ಬೇಕು' ಎಂದು ದೂರದ ಗಣಕಕ್ಕೆ ಆರ್ಡರ್ ಕೊಡುತ್ತದೆ. ಅಲ್ಲಿ 'ಟಾಮ್‌ಕ್ಯಾಟ್' ಎಂಬಂಥ ಒಂದು ತಂತ್ರಾಂಶ ಮ್ಯಾನೇಜರನಂತೆ ಕುಳಿತಿರುತ್ತದೆ. ಬಂದ ಆರ್ಡರನ್ನು ಅದು 'ಸರ್ವ್‌ಲೆಟ್' ಎಂಬ ಪುಟ್ಟ ಜಾವಾ ಪ್ರೋಗ್ರಾಮಿಗೆ ದಾಟಿಸುತ್ತದೆ. ಸರ್ವ್‌ಲೆಟ್ ದತ್ತಾಂಶದ ಉಗ್ರಾಣದಿಂದ ಅಂಕಗಳನ್ನು ತೆಗೆದು, ಪುಟವಾಗಿ ಜೋಡಿಸಿ, ವಾಪಸು ಕಳುಹಿಸುತ್ತದೆ. ಕೇಳಿಕೆ, ಉತ್ತರ, ಮತ್ತೆ ಕೇಳಿಕೆ, ಮತ್ತೆ ಉತ್ತರ. ವೆಬ್‌ನ ಇಡೀ ಸಂಸಾರ ನಡೆಯುವುದು ಹೀಗೆ.

ಇಲ್ಲಿ ಒಂದು ತೊಡಕಿದೆ. ಈ ಹೋಟೆಲಿನ ಮಾಣಿಗೆ ಭಾರೀ ಮರೆವು. ಕಾಫಿ ತಂದಿಟ್ಟು ಬೆನ್ನು ತಿರುಗಿಸಿದೊಡನೆ ಆ ಗಿರಾಕಿ ಯಾರೆಂಬುದೇ ಅವನಿಗೆ ನೆನಪಿರುವುದಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮಾವಳಿಯನ್ನು ರಚಿಸಿರುವುದೇ ಹಾಗೆ. ಅದಕ್ಕಾಗಿ ಗಿರಾಕಿಯ ಕೈಗೆ ಒಂದು ಟೋಕನ್ ಕೊಟ್ಟು ಕಳುಹಿಸುತ್ತಾರೆ; ಪ್ರತಿ ಸಲ ಬಂದಾಗಲೂ ಅವನು ಆ ಟೋಕನ್ ತೋರಿಸಬೇಕು. ಇದೇ 'ಕುಕಿ'. ಟೋಕನ್ ನಂಬರಿಗೆ ಎದುರಾಗಿ ಒಳಗಿನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಲೆಕ್ಕವೇ 'ಸೆಷನ್'. ಒಂದು ಪುಸ್ತಕ ಈ ಮರೆವಿನ ಸಂಗತಿಯನ್ನು ನಾಲ್ಕು ಪುಟ ಬಿಡಿಸಿ ಹೇಳಿದೆಯೆಂದರೆ ಅದನ್ನು ಬರೆದವರು ಕಲಿಸಬಲ್ಲವರು ಎಂದು ಧಾರಾಳವಾಗಿ ತೀರ್ಮಾನಿಸಬಹುದು. ಬರೀ ಆಜ್ಞೆಗಳ ಪಟ್ಟಿ ಕೊಟ್ಟು ಮುಂದೆ ಹೋಗಿದ್ದರೆ ಅದು ಆಗಲೇ ಬಲ್ಲವರಿಗಾಗಿ ಬರೆದದ್ದು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಸಾಮಾನ್ಯವಾಗಿ ಟಾಮ್‌ಕ್ಯಾಟ್ ಪ್ರತಿ ಗಿರಾಕಿಗೂ ಒಂದೊಂದು ಹೊಸ ಸರ್ವ್‌ಲೆಟ್ ಸೃಷ್ಟಿಸುವುದಿಲ್ಲ. ಒಂದೇ ಸರ್ವ್‌ಲೆಟ್ ಅನೇಕ 'ಥ್ರೆಡ್'ಗಳ ಮೂಲಕ ಏಕಕಾಲಕ್ಕೆ ಎಲ್ಲರಿಗೂ ಉತ್ತರ ಕೊಡುತ್ತದೆ. ಹಾಗಿರುವಾಗ ನೋಂದಣಿ ಸಂಖ್ಯೆಯನ್ನು ಸರ್ವ್‌ಲೆಟ್‌ನ ಸ್ವಂತ ಚರಾಕ್ಷರದಲ್ಲಿ ಇಟ್ಟರೆ ಏನಾಗುತ್ತದೆ? ಒಬ್ಬಳು ತನ್ನ ಸಂಖ್ಯೆ ಕಳುಹಿಸಿದ ಮರುಕ್ಷಣ ಇನ್ನೊಬ್ಬನ ಸಂಖ್ಯೆ ಅದರ ಮೇಲೆಯೇ ಬಂದು ಕೂರುತ್ತದೆ. ಪಾಸಾದವಳಿಗೆ ಫೇಲಾದವನ ಅಂಕಪಟ್ಟಿ ಕಾಣಿಸಬಹುದು! ಮನೆಯ ಗಣಕದಲ್ಲಿ ಒಬ್ಬರೇ ಕುಳಿತು ಪರೀಕ್ಷಿಸುವಾಗ ಈ ದೋಷ ಎಂದೂ ಬಯಲಾಗುವುದಿಲ್ಲ. ಸಾವಿರ ಜನ ಒಟ್ಟಿಗೆ ನುಗ್ಗಿದ ದಿನ ಬಯಲಾಗುತ್ತದೆ. ಇಂಥದ್ದನ್ನು ಮೊದಲೇ ಎಚ್ಚರಿಸುವ ಪುಸ್ತಕ ಬೇಕು.

ಹೆಸರು ಬದಲಾದ ಕತೆ

ಜಾವಾ ಭಾಷೆಯ ಮೂಲಪಾಠದ ಪುಸ್ತಕಗಳು ನಿಧಾನವಾಗಿ ಹಳತಾಗುತ್ತವೆ. ಹಳೆಯ ಜಾವಾ ಪ್ರೋಗ್ರಾಮುಗಳು ಹೊಸ ಆವೃತ್ತಿಯಲ್ಲೂ ಬಹುಮಟ್ಟಿಗೆ ಓಡಬೇಕೆಂಬುದು ಆ ಭಾಷೆಯನ್ನು ಕಾಯ್ದುಕೊಂಡು ಬಂದವರ ಹಟ. ಅದಕ್ಕೇ 2005ರ ಪುಸ್ತಕದಲ್ಲಿರುವ ಲೂಪ್, ಕ್ಲಾಸ್‌ಗಳ ಪಾಠ ಇವತ್ತಿಗೂ ನಡೆಯುತ್ತದೆ. ವೆಬ್ ಜಾವಾದ ಪುಸ್ತಕಗಳು ಹಾಗಲ್ಲ, ಅವು ಬೇಗ ಹಳಸುತ್ತವೆ. ಇದರ ಹಿಂದೆ ಒಂದು ಸ್ವಾರಸ್ಯವಾದ ಕತೆಯಿದೆ.

ಸರ್ವ್‌ಲೆಟ್ ಬಂದದ್ದು 1997ರ ಹೊತ್ತಿಗೆ. ಪುಟದೊಳಗೇ ಜಾವಾ ಬೆರೆಸುವ 'ಜೆಎಸ್‌ಪಿ' 1999ರಲ್ಲಿ. ಅದೇ ವರ್ಷ ಸನ್ ಕಂಪನಿ ಟಾಮ್‌ಕ್ಯಾಟನ್ನು ಅಪಾಚೆ ಸಂಸ್ಥೆಗೆ ಕೊಟ್ಟುಬಿಟ್ಟಿತು. ದೊಡ್ಡ ಕಂಪನಿಗಳ ವ್ಯವಹಾರಕ್ಕೆ ಬೇಕಾದ ಇಂಥ ಸಾಮಗ್ರಿಯನ್ನೆಲ್ಲ ಗಂಟುಕಟ್ಟಿ ಮೊದಲು 'ಜೆ-ಟು-ಇ-ಇ', 2006ರಿಂದ 'ಜಾವಾ ಇಇ' ಎಂದು ಕರೆದರು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಏಳು ವರ್ಷಗಳ ನಂತರ ಒರಾಕಲ್ ಈ ಗಂಟನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ವಹಿಸಲು ಒಪ್ಪಿತು. ಮನೆ ಕೊಟ್ಟಿತು, ಹೆಸರು ಕೊಡಲಿಲ್ಲ. 'ಜಾವಾ' ಎಂಬ ಹೆಸರಿನ ಹಕ್ಕು ತನ್ನದೇ ಎಂದಿತು. ಹೊಸಬರು 2018ರಲ್ಲಿ ಆರಿಸಿಕೊಂಡ ಹೆಸರು 'ಜಕಾರ್ತ ಇಇ'. ಭೂಗೋಳ ಓದಿದವರಿಗೆ ನಗು ಬಂದೀತು: ಇಂಡೊನೇಷ್ಯದ ಜಕಾರ್ತ ನಗರ ಇರುವುದು ಜಾವಾ ದ್ವೀಪದ ಮೇಲೆಯೇ!

ಹೆಸರಿನ ಜಗಳ ದೊಡ್ಡವರದು, ಪೆಟ್ಟು ತಿಂದವರು ವಿದ್ಯಾರ್ಥಿಗಳು. ಅಲ್ಲಿಯವರೆಗೆ ಸರ್ವ್‌ಲೆಟ್ ಪ್ರೋಗ್ರಾಮಿನ ಮೊದಲ ಸಾಲುಗಳಲ್ಲಿ 'ಜಾವಾಎಕ್ಸ್ ಡಾಟ್ ಸರ್ವ್‌ಲೆಟ್' ಎಂದು ಬರೆಯಬೇಕಿತ್ತು. 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತ ಇಇ 9ರಿಂದ ಅದು 'ಜಕಾರ್ತ ಡಾಟ್ ಸರ್ವ್‌ಲೆಟ್' ಆಯಿತು. ಟಾಮ್‌ಕ್ಯಾಟ್ 10 ಮತ್ತು ಮುಂದಿನವು ಹೊಸ ಹೆಸರನ್ನು ಮಾತ್ರ ಗುರುತಿಸುತ್ತವೆ. ಟಾಮ್‌ಕ್ಯಾಟ್ 9 ಹಳೆಯದನ್ನು ಮಾತ್ರ. ಈಗ ಒಬ್ಬ ವಿದ್ಯಾರ್ಥಿ 2008ರ ಪುಸ್ತಕ ಕೊಂಡು, ಜಾಲದಿಂದ ಹೊಚ್ಚಹೊಸ ಟಾಮ್‌ಕ್ಯಾಟ್ ಇಳಿಸಿಕೊಂಡು, ಮೊದಲ ಪಾಠವನ್ನು ತಪ್ಪಿಲ್ಲದೆ ಟೈಪ್ ಮಾಡಿದನೆನ್ನಿ. ಅಂಥ ಪೊಟ್ಟಣವೇ ಇಲ್ಲವೆಂದು ಗಣಕ ರಗಳೆ ತೆಗೆಯುತ್ತದೆ. ಇಲ್ಲವೇ ಬ್ರೌಸರಿನಲ್ಲಿ '404' ಎಂಬ ಬೋರ್ಡು ಕಾಣಿಸುತ್ತದೆ. ಹುಡುಗನದು ತಪ್ಪಿಲ್ಲ, ಪುಸ್ತಕ ಬರೆದಾಗ ಅದರದ್ದೂ ತಪ್ಪಿರಲಿಲ್ಲ. ಇಬ್ಬರ ನಡುವೆ ಒಂದು ಹೆಸರು ಬದಲಾಗಿದೆ, ಅಷ್ಟೇ. ಇದು ತಿಳಿಯದೆ ವಾರಗಟ್ಟಲೆ ತಲೆ ಚಚ್ಚಿಕೊಳ್ಳುವುದು ಯಾರಿಗೂ ಬೇಡ.

ಪರಿಹಾರ ಸುಲಭ. ಪುಸ್ತಕದಲ್ಲಿ 'ಜಾವಾಎಕ್ಸ್ ಡಾಟ್ ಸರ್ವ್‌ಲೆಟ್' ಎಂದಿದ್ದರೆ ಟಾಮ್‌ಕ್ಯಾಟ್ 9 ಇಳಿಸಿಕೊಳ್ಳಬೇಕು. 'ಜಕಾರ್ತ' ಎಂದಿದ್ದರೆ 10 ಅಥವಾ ಅದರ ಮುಂದಿನದು. ಎರಡೂ ಉಚಿತ. ಮೊದಲ ಪಾಠಗಳಲ್ಲಾದರೆ ಆ ಒಂದು ಪದವನ್ನು ಬದಲಿಸಿ ಬರೆದರೂ ಕೆಲಸ ನಡೆಯುತ್ತದೆ.

ಯಾವ ಪುಸ್ತಕ?

ಮೊದಲಿಗೆ ಜಾವಾ ಭಾಷೆಯೇ ಬಾರದೆ ವೆಬ್‌ಗೆ ಕೈಹಾಕುವುದು ಸಂಧಿ ಸಮಾಸ ತಿಳಿಯದೆ ಗಮಕಕ್ಕೆ ಕುಳಿತಂತೆ. ಭಾಷೆಗೆ ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಇ. ಬಾಲಗುರುಸಾಮಿಯವರ ಪುಸ್ತಕದ ಇಂಗ್ಲಿಷ್ ಸರಳ, ವಾಕ್ಯಗಳು ಚಿಕ್ಕವು. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಆಪ್ತವಾಗುತ್ತದೆ. ಹರ್ಬರ್ಟ್ ಶಿಲ್ಟ್ ಅವರ 'ಕಂಪ್ಲೀಟ್ ರೆಫರೆನ್ಸ್' ಸಾವಿರ ಪುಟ ದಾಟಿದ ಗ್ರಂಥ. ಅನುಮಾನ ಬಂದಾಗ ತೆಗೆದು ನೋಡಲು ಚೆನ್ನ, ಮೊದಲ ಪುಟದಿಂದ ಓದುತ್ತ ಹೋಗಲು ಅಲ್ಲ. ಅದರಲ್ಲಿ ಸರ್ವ್‌ಲೆಟ್‌ಗೆಂದು ಇರುವುದು ಒಂದೇ ಅಧ್ಯಾಯ. ದಪ್ಪ ನೋಡಿ 'ಎಲ್ಲವೂ ಇದರಲ್ಲೇ ಇದೆ' ಎಂದುಕೊಳ್ಳಬಾರದು.

ಕ್ಯಾಥಿ ಸಿಯೆರಾ ಮತ್ತು ಬರ್ಟ್ ಬೇಟ್ಸ್ ಅವರ 'ಹೆಡ್ ಫಸ್ಟ್ ಜಾವಾ' ಜಗತ್ತಿನಾದ್ಯಂತ ಹೆಸರಾದದ್ದು. ಚಿತ್ರ, ಒಗಟು, ಕಾಲ್ಪನಿಕ ಸಂಭಾಷಣೆಗಳಿಂದ ತುಂಬಿದೆ. 2022ರಲ್ಲಿ ಬಂದ ಮೂರನೆಯ ಆವೃತ್ತಿಯನ್ನೇ ಕೇಳಿ ಕೊಳ್ಳಬೇಕು. 2005ರ ಎರಡನೆಯದರಲ್ಲಿ 'ಲ್ಯಾಂಬ್ಡಾ'ದಂಥ ಇಂದಿನ ಅಗತ್ಯಗಳಿಲ್ಲ. ಆದರೆ ಈ ಪುಸ್ತಕದ ಬಗ್ಗೆ ಮಾರುವವರು ಹೇಳದ ಒಂದು ಮಾತಿದೆ. ಅದರ ತಮಾಷೆಯೆಲ್ಲ ಅಮೆರಿಕದ್ದು. ಅಲ್ಲಿನ ಆಡುಮಾತು, ಅಲ್ಲಿನ ಚೇಷ್ಟೆ. ಇಂಗ್ಲಿಷ್ ಬಳಕೆ ಕಡಿಮೆಯಿರುವ ಹುಡುಗಿಗೆ ಜಾವಾಕ್ಕಿಂತ ಆ ಹಾಸ್ಯವೇ ಕಷ್ಟವಾದೀತು. ಕೊಳ್ಳುವ ಮೊದಲು ಅವಳೇ ನಿಂತು ಎರಡು ಪುಟ ಓದಿ ನೋಡಲಿ. ನಗು ಬಂದರೆ ತೆಗೆದುಕೊಳ್ಳಿ.

ಇದೇ ಮಾಲೆಯ 'ಹೆಡ್ ಫಸ್ಟ್ ಸರ್ವ್‌ಲೆಟ್ಸ್ ಅಂಡ್ ಜೆಎಸ್‌ಪಿ'ಯ ಎರಡನೆಯ ಆವೃತ್ತಿ 2008ರದು. ಸನ್ ಕಂಪನಿ ನಡೆಸುತ್ತಿದ್ದ ಒಂದು ಅರ್ಹತಾ ಪರೀಕ್ಷೆಗೆಂದು ಬರೆದದ್ದು. ಆ ಪರೀಕ್ಷೆ ಈಗಿಲ್ಲ, ಆ ಕಂಪನಿಯೂ ಇಲ್ಲ. ಆದರೂ ಮ್ಯಾನೇಜರ್-ಮಾಣಿ ಸಂಬಂಧವನ್ನು, ಥ್ರೆಡ್‌ಗಳ ಅಪಾಯವನ್ನು ಅಷ್ಟು ಹಸನಾಗಿ ಬಿಡಿಸಿ ಹೇಳಿದ ಪುಸ್ತಕ ವಿರಳ. ಅವೆನ್ಯೂ ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದರೆ ಬಿಡಬೇಡಿ, ಟಾಮ್‌ಕ್ಯಾಟ್ 9ರ ಜೊತೆ ಬಳಸಿ. ತುಸು ಹೊಸದು ಬೇಕೆನ್ನುವವರಿಗೆ ಮುರಾಕ್ ಪ್ರಕಾಶನದ 'ಜಾವಾ ಸರ್ವ್‌ಲೆಟ್ಸ್ ಅಂಡ್ ಜೆಎಸ್‌ಪಿ'ಯ ಮೂರನೆಯ ಆವೃತ್ತಿ ಇದೆ, 2014ರದು. ಎದುರುಬದುರು ಪುಟಗಳಲ್ಲಿ ಒಂದು ಕಡೆ ವಿವರಣೆ, ಇನ್ನೊಂದು ಕಡೆ ಪ್ರೋಗ್ರಾಮು. ತಮಾಷೆಯಿಲ್ಲ, ಒಗಟಿಲ್ಲ, ನೇರ ಪಾಠ. ಒಬ್ಬರೇ ಕುಳಿತು ಕಲಿಯುವವರಿಗೆ ಇದು ಹೆಚ್ಚು ಒಗ್ಗುತ್ತದೆ. ಇದೂ 'ಜಾವಾಎಕ್ಸ್' ಕಾಲದ್ದೇ ಎಂಬುದು ನೆನಪಿರಲಿ.

ಇನ್ನು 'ಸ್ಪ್ರಿಂಗ್'. ಕೆಲಸ ಹುಡುಕುವವರು ಅಲ್ಲಲ್ಲಿ ಕೇಳುವ ಹೆಸರು ಇದು. ವಿಶೇಷವೆಂದರೆ ಸ್ಪ್ರಿಂಗ್ ಹುಟ್ಟಿದ್ದೇ ಒಂದು ಪುಸ್ತಕದಿಂದ. ಆಗಿನ ಜೆ-ಟು-ಇ-ಇ ವಿಧಾನಗಳು ವಿಪರೀತ ತೊಡಕಿನವೆಂದು ರಾಡ್ ಜಾನ್ಸನ್ 2002ರಲ್ಲಿ ಒಂದು ಪುಸ್ತಕ ಬರೆದರು. ಅದರ ಜೊತೆಗೆ ಉದಾಹರಣೆಯಾಗಿ ಕೊಟ್ಟ ಸುಮಾರು 30,000 ಸಾಲುಗಳ ಪ್ರೋಗ್ರಾಮನ್ನು ಓದುಗರೇ ಮೆಚ್ಚಿ, ಬೆಳೆಸೋಣ ಬನ್ನಿ ಎಂದರು. 2004ರಲ್ಲಿ ಸ್ಪ್ರಿಂಗ್‌ನ ಮೊದಲ ಪೂರ್ಣ ಆವೃತ್ತಿ ಬಂತು. 2014ರಲ್ಲಿ ಬಂದ 'ಸ್ಪ್ರಿಂಗ್ ಬೂಟ್' ಅದನ್ನು ಇನ್ನಷ್ಟು ಸುಲಭ ಮಾಡಿತು. ಸ್ಪ್ರಿಂಗ್ ಬೂಟ್ ಎಂದರೆ ಪೊಟ್ಟಣದಲ್ಲಿ ಸಿಗುವ ರವೆ ಇಡ್ಲಿ ಮಿಕ್ಸ್ ಇದ್ದಂತೆ. ನೀರು, ಮೊಸರು ಹಾಕಿದರೆ ಇಡ್ಲಿ ಸಿದ್ಧ; ಟಾಮ್‌ಕ್ಯಾಟ್ ಕೂಡ ಅದರೊಳಗೇ ಇರುತ್ತದೆ. ಆದರೆ ಇಡ್ಲಿ ಕಲ್ಲಾದರೆ ಏಕೆ ಕಲ್ಲಾಯಿತೆಂದು ತಿಳಿಯಲು ಮನೆಯಲ್ಲಿ ಹಿಟ್ಟು ಕಲಸಿ ಗೊತ್ತಿರಬೇಕು. ಒಂದು ತಿಂಗಳಾದರೂ ಬರಿಯ ಸರ್ವ್‌ಲೆಟ್‌ನಲ್ಲಿ ಕೈ ಪಳಗಿಸಿ ನಂತರ ಸ್ಪ್ರಿಂಗ್‌ಗೆ ಹೋಗುವುದು ಮೇಲು. ನೇರವಾಗಿ ಅಲ್ಲಿಂದಲೇ ಶುರುಮಾಡಿ ಎನ್ನುವವರೂ ಇದ್ದಾರೆ. ಹಿಂದೆ ಯಾರಾದರೂ ನಿಂತು ತಿದ್ದುವವರಿದ್ದರೆ ಅದೂ ನಡೆದೀತು.

ಸ್ಪ್ರಿಂಗ್‌ಗೆ ಲೌರೆನ್ಷಿಯು ಸ್ಪಿಲ್ಕ ಅವರ 'ಸ್ಪ್ರಿಂಗ್ ಸ್ಟಾರ್ಟ್ ಹಿಯರ್' ಹೊಸಬರಿಗಾಗಿಯೇ ಬರೆದದ್ದು, 2021ರದು. ಕ್ರೇಗ್ ವಾಲ್ಸ್ ಅವರ 'ಸ್ಪ್ರಿಂಗ್ ಇನ್ ಆಕ್ಷನ್' ಆರನೆಯ ಆವೃತ್ತಿ 2022ರದು, ತುಸು ವೇಗದ ನಡೆ. ಇಲ್ಲೂ ಹೆಸರಿನ ಕಾಟ ತಪ್ಪಿದ್ದಲ್ಲ. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 'ಜಕಾರ್ತ' ಹೆಸರಿಗೆ ಬದಲಾಯಿತು, ಜಾವಾ 17 ಇಲ್ಲವೆ ಮುಂದಿನದು ಬೇಕೆಂದಿತು. ಮೇಲಿನ ಎರಡೂ ಪುಸ್ತಕಗಳು ಅದಕ್ಕೆ ಮೊದಲಿನವು. ಓದುವಾಗ ಈ ಒಂದು ತಿದ್ದುಪಡಿ ಮನಸ್ಸಿನಲ್ಲಿರಬೇಕು.

ಅಂಗಡಿಯಲ್ಲಿ ಹತ್ತು ನಿಮಿಷ

ಹೆಸರು ಹೇಳಿದ ಪುಸ್ತಕವೇ ಸಿಗಬೇಕೆಂದಿಲ್ಲ. ಬೇರೆಯದು ಕೈಗೆ ಬಂದಾಗ ಮೊದಲು ತೆರೆಯಬೇಕಾದ್ದು ಹೆಸರಿನ ಹಿಂದಿನ ಪುಟ. ಅಲ್ಲಿ ಎರಡು ಇಸವಿಗಳಿರುತ್ತವೆ: ಆವೃತ್ತಿಯದು, ಮರುಮುದ್ರಣದ್ದು. ಮರುಮುದ್ರಣ ಕಳೆದ ವರ್ಷದ್ದಾದರೂ ಆವೃತ್ತಿ 15 ವರ್ಷ ಹಿಂದಿನದಿರಬಹುದು. ಲೆಕ್ಕಕ್ಕೆ ಬರುವುದು ಆವೃತ್ತಿ. ಜಾವಾ 2017ರಿಂದೀಚೆಗೆ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ದೀರ್ಘಕಾಲ ಬೆಂಬಲವಿರುವ 17, 21, 25 ಇವುಗಳಲ್ಲಿ ಒಂದನ್ನು ಆಧರಿಸಿದ ಪುಸ್ತಕವಾದರೆ ಕಲಿಯುವವರಿಗೆ ಸಾಕು. 'ಆಪ್ಲೆಟ್' ಎಂಬ ಅಧ್ಯಾಯ ವಿಸ್ತಾರವಾಗಿ ಕಂಡರೆ ಪುಸ್ತಕ ಹಳೆಯದೆಂದು ತಿಳಿಯಿರಿ. ಬ್ರೌಸರುಗಳು ಅವನ್ನು ಓಡಿಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ಎರಡನೆಯದಾಗಿ ದತ್ತಾಂಶದ ಅಧ್ಯಾಯ ತೆರೆಯಿರಿ. ಬಳಕೆದಾರ ಟೈಪ್ ಮಾಡಿದ್ದನ್ನು ದತ್ತಾಂಶದ ಆಜ್ಞೆಗೆ ಕೂಡಿಸುವ ಚಿಹ್ನೆಯಿಂದ ಹಾಗೇ ಜೋಡಿಸಿದ್ದರೆ ಆ ಪುಸ್ತಕ ಬೇಡ. ಕಿಡಿಗೇಡಿಯೊಬ್ಬ ನೋಂದಣಿ ಸಂಖ್ಯೆಯ ಜಾಗದಲ್ಲಿ ಆಜ್ಞೆಯ ತುಣುಕನ್ನೇ ಬರೆದು ಎಲ್ಲರ ಅಂಕಗಳನ್ನೂ ಹೊರಗೆಳೆಯಬಹುದು. ಸರಿಯಾದ ಪುಸ್ತಕದಲ್ಲಿ ಆಜ್ಞೆಯೊಳಗೆ ಪ್ರಶ್ನಾರ್ಥಕ ಚಿಹ್ನೆಗಳಿದ್ದು, 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಎಂಬ ಪದವಿರುತ್ತದೆ. ಜಾವಾ ಬಾರದ ತಂದೆ ತಾಯಿ ಕೂಡ ಆ ಪ್ರಶ್ನಾರ್ಥಕ ಚಿಹ್ನೆಗಳನ್ನು ಗುರುತಿಸಬಲ್ಲರು. ಪಾಸ್‌ವರ್ಡನ್ನು ಇದ್ದಹಾಗೇ ಬರೆದಿಡುವ ಉದಾಹರಣೆ ಇದ್ದರೂ ಅಷ್ಟೇ, ಕೆಳಗಿಡಿ.

ಪರೀಕ್ಷೆಯ ಪುಸ್ತಕ, ಕೆಲಸದ ಪುಸ್ತಕ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2017ರ ಪಠ್ಯಕ್ರಮದಲ್ಲಿ 'ಅಡ್ವಾನ್ಸ್‌ಡ್ ಜಾವಾ ಅಂಡ್ ಜೆ-ಟು-ಇ-ಇ' ಎಂಬ ಐಚ್ಛಿಕ ವಿಷಯವಿತ್ತು. ಅದಕ್ಕೆ ಸೂಚಿಸಿದ್ದ ಪಠ್ಯಗಳಲ್ಲಿ ಜಿಮ್ ಕಿಯೋ ಅವರದು ಒಂದು, ಮೂಲತಃ 2002ರಲ್ಲಿ ಬಂದದ್ದು. ಪಠ್ಯಕ್ರಮಗಳು ನಿಧಾನವಾಗಿ ಬದಲಾಗುವುದು ಎಲ್ಲ ಕಡೆಯೂ ಇದ್ದದ್ದೇ. ಪ್ರಶ್ನೆಪತ್ರಿಕೆ ಯಾವ ಪುಸ್ತಕದಿಂದ ಬರುತ್ತದೋ ಆ ಪುಸ್ತಕ ಓದದೆ ಗತ್ಯಂತರವಿಲ್ಲ, ಅಂಕಗಳೂ ಬೇಕಲ್ಲ! ಅದನ್ನು ಗ್ರಂಥಾಲಯದಿಂದ ತನ್ನಿ, ಹಣ ಕೊಟ್ಟು ಕೊಳ್ಳುವುದು ಕೈಕಸುಬಿನ ಪುಸ್ತಕವಾಗಲಿ. ಇಬ್ಬರು ಗೆಳತಿಯರು ಸೇರಿ ಒಂದೊಂದು ಕೊಂಡು ಬದಲಾಯಿಸಿಕೊಂಡರೆ ಖರ್ಚು ಅರ್ಧವಾಗುತ್ತದೆ. ಓರೈಲಿ ಪ್ರಕಾಶನದ ಪುಸ್ತಕಗಳ ಭಾರತೀಯ ಮುದ್ರಣಗಳು ಮೂಲಕ್ಕಿಂತ ಅಗ್ಗ, ಕಪ್ಪು ಬಿಳುಪಿನಲ್ಲಿದ್ದರೂ ಪಾಠಕ್ಕೆ ಕೊರತೆಯಿಲ್ಲ.

ಪುಸ್ತಕದ ಜೊತೆಗೇ ಬರುವ ಇನ್ನೊಂದು ಬೇಡಿಕೆ ಹೊಸ ಲ್ಯಾಪ್‌ಟಾಪ್. ಸರ್ವ್‌ಲೆಟ್ ಕಲಿಯುವ ಮಟ್ಟಿಗೆ ಅದರ ಅಗತ್ಯವಿಲ್ಲ. ಜಾವಾ ಕಿಟ್, ಟಾಮ್‌ಕ್ಯಾಟ್ ಮತ್ತು ಬರೆಯಲು ಒಂದು ಸಾದಾ ಎಡಿಟರ್, ಈ ಮೂರೂ ಉಚಿತ. ಹಳೆಯ ಗಣಕದಲ್ಲೂ ಓಡುತ್ತವೆ. ಮೊದಲ ತಿಂಗಳು ಕೋಡನ್ನು ಜಾಲದಿಂದ ನಕಲಿಸದೆ ಕೈಯಾರೆ ಟೈಪ್ ಮಾಡಬೇಕು. ಪುಸ್ತಕದ ಜೊತೆ 200 ಪುಟಗಳ ಒಂದು ನೋಟ್‌ಬುಕ್ ಕೊಡಿಸಿ. ಗಣಕ ತೋರಿಸಿದ ಪ್ರತಿ ತಪ್ಪು ಸಂದೇಶವನ್ನು ದಿನಾಂಕ ಹಾಕಿ ಅದರಲ್ಲಿ ಬರೆದು, ಪಕ್ಕದಲ್ಲಿ ಅದು ಸರಿಹೋದದ್ದು ಹೇಗೆಂದು ಬರೆದಿಡಲಿ.